ಕಂಬಳಿ ಸುತ್ತಿದ ಬೀಫ್ ಬಾರ್ಲಿ ಸೂಪ್: ಮೂರನೇ ಪಾತ್ರೆಗೆ ಸರಿಬಂತು

ಕೆನಡಾದ ಕ್ಯಾಲ್ಗರಿಯಲ್ಲಿ ಚಳಿ ಅಂದರೆ ಬರೀ ಸ್ವೆಟರ್ ಹಾಕಿಕೊಳ್ಳುವ ಚಳಿ ಅಲ್ಲ. ಕಾರಿನ ಇಂಜಿನ್ನಿಗೂ ರಾತ್ರಿ ವೈರ್ ಚುಚ್ಚಿ ಬಿಸಿ ಇಡಬೇಕಾದ ಚಳಿ. ಅಂಥ ದಿನ ಹೊರಗಿಂದ ಬಂದವರ ಕೈಗೆ ಕೊಡಲು ನನಗೊಂದು ಸೂಪ್ ಬೇಕಿತ್ತು. ಊಟಕ್ಕೆ ಮುಂಚೆ ಸುಮ್ನೆ ಕುಡಿಯುವ ತೆಳು ಸೂಪ್ ಅಲ್ಲ. ಒಂದು ದೊಡ್ಡ ಬಟ್ಟಲು ತಿಂದರೆ ಊಟ ಮುಗಿಯಬೇಕು. ಬೀಫ್, ಬಾರ್ಲಿ, ಗೆಡ್ಡೆ ತರಕಾರಿ. ಇದನ್ನು ಮೂರು ಸಲ ಮಾಡಿದೆ. ಮೊದಲೆರಡು ಸಲ ಕೆಟ್ಟಿತು. ಮೂರನೇ ಸಲ ಅರ್ಧ ಬೆಂದಿರುವಾಗ ಒಲೆಯನ್ನೇ ಆರಿಸಬೇಕಾಯಿತು. ಆದರೂ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಪ್ರತಿ ಸಲವೂ ತೂಕ, ಹೊತ್ತು, ಬಿಸಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ಬೆಳ್ತಂಗಡಿ ಕಡೆಯ ಕ್ಯಾಥೊಲಿಕ್ ಮನೆಯವಳು. ನಮ್ಮಲ್ಲಿ ಬೀಫ್ ಅಂದರೆ ಸುಕ್ಕ, ಇಲ್ಲವೇ ಬಫಾತ್ ಅನ್ನುವ ನಮ್ಮ ಮಸಾಲೆ ಪುಡಿ ಹಾಕಿದ ಸಾರು, ಜೊತೆಗೆ ನೀರುದೋಸೆ. ಬಾರ್ಲಿ ಅಂದರೆ ಮೈ ಉಷ್ಣವಾದಾಗ ಅಮ್ಮ ಕುದಿಸಿ ಕೊಡುತ್ತಿದ್ದ ನೀರು. ಇವೆರಡೂ ಒಂದೇ ಪಾತ್ರೆಗೆ ಬೀಳುತ್ತವೆ ಅಂತ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಕ್ಯಾಲ್ಗರಿ ಇರುವ ಆಲ್ಬರ್ಟಾದಲ್ಲಿ ಅದು ಸಹಜವೇ. ಕೆನಡಾದಲ್ಲಿ ಮಾಂಸಕ್ಕಾಗಿ ಸಾಕುವ ದನ ಅತಿ ಹೆಚ್ಚು ಇರುವುದು ಈ ಪ್ರಾಂತ್ಯದಲ್ಲೇ. ಕೊನೆಯ ಕೆಲವು ತಿಂಗಳು ಅವುಗಳಿಗೆ ಬಾರ್ಲಿ ತಿನ್ನಿಸಿ ಕೊಬ್ಬಿಸುತ್ತಾರೆ. ಅದಕ್ಕೇ ಇಲ್ಲಿನ ಬೀಫ್ ಕೊಬ್ಬು ಬೆಳ್ಳಗಿರುತ್ತದೆ. ಬರೀ ಹುಲ್ಲು ಮೇಯ್ದ ದನದ ಕೊಬ್ಬು ಹಳದಿ. ದನ ತಿಂದ ಕಾಳನ್ನೇ ದನದ ಸೂಪಿಗೂ ಹಾಕುತ್ತಾರೆ.

2023 ನವೆಂಬರ್, ಮೊದಲ ಪಾತ್ರೆ

ಸೂಪರ್ ಮಾರ್ಕೆಟ್ಟಿನಲ್ಲಿ ಕತ್ತರಿಸಿ ತಟ್ಟೆಯಲ್ಲಿಟ್ಟು ಮಾರುವ ‘ಸ್ಟ್ಯೂಯಿಂಗ್ ಬೀಫ್’ 900 ಗ್ರಾಂ ತಂದೆ. ನೋಡಲು ಚೆಂದ, ಎಲ್ಲ ತುಂಡೂ ಕೆಂಪಗೆ, ಕೊಬ್ಬು ಕಡಿಮೆ. ತಪ್ಪು ಅಲ್ಲೇ ಆಗಿತ್ತು. ಅಂಥ ಪ್ಯಾಕೆಟ್ಟಿನಲ್ಲಿ ಯಾವ ಯಾವ ಭಾಗದ ತುಂಡು ಇದೆ ಅಂತ ಹೇಳುವುದು ಕಷ್ಟ. ನನಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಹಿಂಗಾಲಿನ ಮೇಲ್ಭಾಗದ, ನರ ಇಲ್ಲದ ಮಾಂಸ. ಎರಡು ಗಂಟೆ ಬೇಯಿಸಿದರೂ ಅದು ಮೆತ್ತಗಾಗಲಿಲ್ಲ. ಒಣಗಿ ನಾರು ನಾರಾಯಿತು.

ಕಾರಣ ಆಮೇಲೆ ತಿಳಿಯಿತು. ಮಾಂಸದ ಬಿಸಿ 65 ಡಿಗ್ರಿ ದಾಟುತ್ತಿದ್ದಂತೆ ಅದರ ಎಳೆಗಳು ಮುದುಡಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಸೂಪಿನಲ್ಲಿ ಬೇಯುವ ಯಾವ ಮಾಂಸಕ್ಕೂ ಇದು ತಪ್ಪದು. ಆದರೆ ಓಡಾಡಿ ದುಡಿಯುವ ಭಾಗದ ಮಾಂಸದಲ್ಲಿ ಎಳೆಗಳ ನಡುವೆ ಬಿಳಿ ಬಿಳಿ ಪೊರೆ ಇರುತ್ತದೆ. ಅದು ಕೊಲಾಜನ್. ಎರಡು ಮೂರು ಗಂಟೆ ಬಿಸಿಯಲ್ಲಿ ಇದ್ದರೆ ಆ ಪೊರೆ ಕರಗಿ ಜೆಲಟಿನ್ ಆಗುತ್ತದೆ. ಒಣಗಿದ ಎಳೆಗಳ ಮಧ್ಯೆ ಅಂಟಂಟಾಗಿ ನಿಂತು ಮಾಂಸವನ್ನು ಮೆತ್ತಗೆ ಮಾಡುತ್ತದೆ, ಸಾರಿಗೂ ಮೈ ಕೊಡುತ್ತದೆ. ಪೊರೆಯೇ ಇಲ್ಲದ ಮಾಂಸದಲ್ಲಿ ಕರಗಲು ಏನೂ ಇಲ್ಲ ಅಲ್ವಾ.

ಎರಡನೇ ತಪ್ಪು ಹುರಿಯುವಾಗ. 900 ಗ್ರಾಂ ಮಾಂಸವನ್ನೂ ಒಂದೇ ಸಲ ಪಾತ್ರೆಗೆ ಸುರಿದೆ. ನೀರು ಬಿಟ್ಟುಕೊಂಡಿತು. ನೀರು ಇರುವಷ್ಟು ಹೊತ್ತು ಬಿಸಿ ನೂರರ ಮೇಲೆ ಏರುವುದಿಲ್ಲ. ಮಾಂಸ ಚೆನ್ನಾಗಿ ಕೆಂಪಾಗಲು 140 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾಗಿ ಹುರಿಯುವ ಬದಲು ತನ್ನ ನೀರಲ್ಲೇ ಬೆಂದು ಬೂದಿ ಬಣ್ಣವಾಯಿತು.

ಮೂರನೆಯದು ಬಾರ್ಲಿ. 3 ಲೀಟರ್ ನೀರಿಗೆ 300 ಗ್ರಾಂ ಹಾಕಿದ್ದೆ. ಒಣಗಿದಾಗ ಸ್ವಲ್ಪವೇ ಅನ್ನಿಸಿತು. ಬೆಂದಾಗ ಮೂರು ಪಟ್ಟಿಗೂ ಜಾಸ್ತಿ ಉಬ್ಬಿತು. ರಾತ್ರಿ ಗಂಜಿ, ಬೆಳಗ್ಗೆ ಫ್ರಿಜ್ಜಿನಿಂದ ತೆಗೆದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಪಕ್ಕದ ಪ್ರಾಂತ್ಯ ಸಸ್ಕಾಚೆವಾನಿನ ಹೊಲದ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಒಂದು ಡಬ್ಬಿ ಕೊಟ್ಟಿದ್ದೆ. ಡಬ್ಬಿ ವಾಪಸ್ ಕೊಡುವಾಗ ತುಂಬಾ ಪ್ರೀತಿಯಿಂದ ಹೇಳಿದರು: “ಬಾರ್ಲಿಗೆ ಅದರದ್ದೇ ಪಾತ್ರೆ ಕೊಡು. ಮತ್ತೆ ಮೂಳೆ ಇರುವ ಮಾಂಸ ತಗೋ.” ಆ ಎರಡು ಮಾತಿಗೆ ನಾನು ಇವತ್ತಿಗೂ ಋಣಿ.

2023 ಡಿಸೆಂಬರ್, ಎರಡನೇ ಪಾತ್ರೆ

ಈ ಸಲ ಮಾಂಸದ ಅಂಗಡಿಗೇ ಹೋದೆ. ಶ್ಯಾಂಕ್ ಕೇಳಿದೆ. ಅದು ಮೊಣಕಾಲಿನ ಕೆಳಗಿನ ಭಾಗ. ಮೂಳೆ ಸಮೇತ ಅಡ್ಡಕ್ಕೆ ಗರಗಸದಲ್ಲಿ ಕೊಯ್ದು ಕೊಡುತ್ತಾರೆ, ನಡುವೆ ಮಜ್ಜೆ ತುಂಬಿದ ನಲ್ಲಿ ಮೂಳೆ ದುಂಡಗೆ ಕಾಣುತ್ತದೆ. ಒಂದೂವರೆ ಇಂಚು ದಪ್ಪದ ನಾಲ್ಕು ತುಂಡು, 1.3 ಕಿಲೋ. ಜೊತೆಗೆ ಭುಜದ ಭಾಗದ್ದು 600 ಗ್ರಾಂ, ಮೂಳೆ ಇಲ್ಲದ್ದು. ಇಲ್ಲಿ ಅದನ್ನು ಬ್ಲೇಡ್ ಅನ್ನುತ್ತಾರೆ. ಸಾರಿನ ಮೈಗೆ ಶ್ಯಾಂಕ್, ಬಾಯಿಗೆ ಸಿಗುವ ತುಂಡಿಗೆ ಬ್ಲೇಡ್. ಈ ಜೋಡಿಯನ್ನು ನಾನು ಇನ್ನು ಬದಲಿಸುವುದಿಲ್ಲ.

ಮಾಂಸ ಸರಿಯಾಗಿತ್ತು, ಹುರಿದದ್ದೂ ಸರಿಯಾಗಿತ್ತು. ಕೆಟ್ಟದ್ದು ಅವಸರದಿಂದ. ನೀರು ಹಾಕಿದ ಮೇಲೆ ಕ್ಯಾರೆಟ್, ಸೆಲರಿ, ಆಲೂಗಡ್ಡೆ, ಟೊಮೆಟೊ ಎಲ್ಲವನ್ನೂ ಒಟ್ಟಿಗೆ ಹಾಕಿ ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿದೆ. ಜೋರಾಗಿ ಕುದಿದರೆ ಬೇಗ ಬೇಯುತ್ತದೆ ಅನ್ನುವ ಲೆಕ್ಕ. ಆದರೆ ನೀರು ಎಷ್ಟೇ ಜೋರಾಗಿ ಕುದಿದರೂ ಅದರ ಬಿಸಿ ಅಷ್ಟೇ. ಅದೂ ಇಲ್ಲಿ ಇನ್ನೂ ಕಡಿಮೆ. ಕ್ಯಾಲ್ಗರಿ ಸಮುದ್ರ ಮಟ್ಟದಿಂದ ಸುಮಾರು 1,045 ಮೀಟರ್ ಎತ್ತರದಲ್ಲಿದೆ. ಮಂಗಳೂರಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 96.5ರ ಹತ್ತಿರವೇ ಕುದಿಯುತ್ತದೆ. ಊರಿನ ಲೆಕ್ಕದ ಹೊತ್ತು ಇಲ್ಲಿಗೆ ಸಾಲದು.

ಜೋರು ಕುದಿಯಿಂದ ಆದದ್ದು ಬೇರೆಯೇ. ಕೊಬ್ಬು ಒಡೆದು ಸಾರಿನ ತುಂಬ ಬೆರೆತು ಮಬ್ಬಾಯಿತು. ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೋಯಿತು. ಮುಂಚೆಯೇ ಹಾಕಿದ್ದ ಉಪ್ಪು ಆಗ ಜಾಸ್ತಿಯಾಯಿತು. ಸೆಲರಿ ಕಾಣೆ, ಕ್ಯಾರೆಟ್ ಮುಟ್ಟಿದರೆ ಹಿಟ್ಟು. ಆಲೂಗಡ್ಡೆ ಮಾತ್ರ ಹೊರಗೆ ಗಟ್ಟಿಯಾಗಿಯೇ ಉಳಿಯಿತು. ಅದು ಟೊಮೆಟೊ ಹುಳಿಯ ಕೆಲಸ. ಹುಳಿ ಇದ್ದಲ್ಲಿ ತರಕಾರಿ ನಿಧಾನಕ್ಕೆ ಮೆತ್ತಗಾಗುತ್ತದೆ. ಹುಣಸೆ ರಸ ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಟೊಮೆಟೊಗೂ ಅದೇ ಮಾತು ಅಂತ ನನಗೆ ಹೊಳೆಯಲಿಲ್ಲ.

2024 ಜನವರಿ 13, ಶನಿವಾರ, ಮೂರನೇ ಪಾತ್ರೆ

ಆ ವಾರ ಆಲ್ಬರ್ಟಾ ಪೂರ್ತಿ ಹೆಪ್ಪುಗಟ್ಟಿತ್ತು. ಕ್ಯಾಲ್ಗರಿಯಲ್ಲಿ ಮೈನಸ್ 30ಕ್ಕಿಂತಲೂ ಕೆಳಗೆ ಇಳಿದಿತ್ತು. ಹೊರಗೆ ಹೋಗುವ ಮಾತೇ ಇಲ್ಲ. ಮಾಂಸ, ತರಕಾರಿ ಎಲ್ಲ ಎರಡು ದಿನ ಮುಂಚೆಯೇ ತಂದಿಟ್ಟಿದ್ದೆ.

ಪಾತ್ರೆ: 7 ಲೀಟರಿನದು, ಎನಾಮಲ್ ಬಳಿದ ದಪ್ಪ ಕಬ್ಬಿಣದ್ದು, ಮುಚ್ಚಳವೂ ಕಬ್ಬಿಣದ್ದೇ. ಇದರ ಭಾರ ಆಮೇಲೆ ಕೆಲಸಕ್ಕೆ ಬಂತು. ಇನ್ನೊಂದು, ವೈರ್ ಇರುವ ಥರ್ಮಾಮೀಟರ್. ಕಡ್ಡಿ ಪಾತ್ರೆಯೊಳಗೆ, ಅಂಕಿ ತೋರಿಸುವ ಡಬ್ಬಿ ಹೊರಗೆ. ವೈರ್ ಮುಚ್ಚಳದ ಸಂದಿಯಲ್ಲಿ ಬರುತ್ತದೆ.

ಮಧ್ಯಾಹ್ನ 3:15. ಮಾಂಸವನ್ನು ಪೇಪರ್ ಟವಲ್ಲಿನಿಂದ ಒತ್ತಿ ಒತ್ತಿ ಒಣಗಿಸಿದೆ. ಈ ಕೆಲಸ ಬೇಜಾರು, ಆದರೆ ಬಿಡಬೇಡಿ. ಒಂದು ಚಮಚ ಉಪ್ಪು ಸವರಿದೆ. ಪಾತ್ರೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ, ಒಂದು ಸಲಕ್ಕೆ ಎರಡೇ ಶ್ಯಾಂಕ್. ಇಟ್ಟ ಮೇಲೆ ಕದಲಿಸಲಿಲ್ಲ. ಐದು ನಿಮಿಷಕ್ಕೆ ತಾನಾಗಿ ತಳ ಬಿಟ್ಟಿತು, ಆಗ ಮಗುಚಿದೆ. ಮಾಂಸ ಅಂಟಿಕೊಂಡಿದ್ದರೆ ಇನ್ನೂ ಹೊತ್ತು ಬೇಕು ಅಂತ ಅರ್ಥ. ಬ್ಲೇಡನ್ನು ದೊಡ್ಡ ಉಂಡೆಯಾಗಿಯೇ ಹುರಿದೆ, ತುಂಡು ಮಾಡಲಿಲ್ಲ. ಮೊದಲೇ ಸಣ್ಣಗೆ ಕತ್ತರಿಸಿದರೆ ಬೇಗ ಒಣಗುತ್ತದೆ. ಬೆಂದ ಮೇಲೆ ಕತ್ತರಿಸಿದರೆ ಸಾಕು.

3:50. ಮಾಂಸ ತೆಗೆದಿಟ್ಟು ಅದೇ ಕೊಬ್ಬಿನಲ್ಲಿ ಎರಡು ದೊಡ್ಡ ಈರುಳ್ಳಿ, ಎರಡು ಕಡ್ಡಿ ಸೆಲರಿ, ನಾಲ್ಕು ಎಸಳು ಬೆಳ್ಳುಳ್ಳಿ. ಇವು ಕರಗಿ ಹೋಗಲೆಂದೇ ಹಾಕುವ ತರಕಾರಿ. ಬಾಯಿಗೆ ಸಿಗಬೇಕಾದ ತರಕಾರಿ ಕೊನೆಗೆ. ಈರುಳ್ಳಿ ಬಿಡುವ ನೀರಿಗೆ ತಳದ ಕಂದು ಪದರ ಸಡಿಲಾಯಿತು. ಮರದ ಸೌಟಿನಲ್ಲಿ ಕೆರೆದೆ. ನಮ್ಮ ಅಡುಗೆಯಲ್ಲಿ ತಳ ಹಿಡಿಯಿತು ಅಂದರೆ ಕೆಟ್ಟಿತು ಅಂತ. ಇಲ್ಲಿ ಸೂಪಿನ ಬಣ್ಣ, ರುಚಿ ಇರುವುದೇ ಆ ತಳದಲ್ಲಿ. ಕಂದು ಇದ್ದರೆ ಚಿನ್ನ. ಕಪ್ಪಾಗಿದ್ದರೆ ಮಾತ್ರ ತೊಳೆದು ಹಾಕಿ, ಕಹಿ ಹೋಗುವುದಿಲ್ಲ.

4:10. ಮಾಂಸ ವಾಪಸ್ ಪಾತ್ರೆಗೆ, 3.5 ಲೀಟರ್ ತಣ್ಣೀರು, ಎರಡು ಪಲಾವ್ ಎಲೆ, ಹತ್ತು ಕಾಳುಮೆಣಸು, ಒಂದೆರಡು ಕಡ್ಡಿ ಥೈಮ್ ಸೊಪ್ಪು. ಕುದಿ ಬರುವ ಮುಂಚೆ ಮೇಲೆ ಬಂದ ನೊರೆ ತೆಗೆದೆ. 4:45ಕ್ಕೆ ಉರಿ ಸಣ್ಣಗೆ ಮಾಡಿದೆ. ಎಲ್ಲೋ ಒಂದೊಂದು ಗುಳ್ಳೆ ಮೇಲೆ ಬಂದು ಒಡೆಯಬೇಕು, ಪಾತ್ರೆ ಕುಣಿಯಬಾರದು. ಥರ್ಮಾಮೀಟರಿನಲ್ಲಿ 93ರಿಂದ 95.

6:30. ಶ್ಯಾಂಕಿಗೆ ಫೋರ್ಕ್ ಚುಚ್ಚಿದೆ. ಇನ್ನೂ ಬಿಗಿ. ಒಂದು ಗಂಟೆಯಾದರೂ ಬೇಕಿತ್ತು.

7 ಗಂಟೆಗೆ ಸ್ವಲ್ಪ ಮುಂಚೆ ಮನೆಯ ಎಲ್ಲ ಫೋನುಗಳೂ ಒಟ್ಟಿಗೆ ಕಿರುಚಿದವು. ಪ್ರಾಂತ್ಯದ ತುರ್ತು ಎಚ್ಚರಿಕೆ. ಚಳಿಯಿಂದ ವಿದ್ಯುತ್ ಬೇಡಿಕೆ ವಿಪರೀತ ಏರಿದೆ, ಸರದಿಯಂತೆ ಕರೆಂಟ್ ತೆಗೆಯಬೇಕಾಗಬಹುದು, ಬೇಕಾದಷ್ಟೇ ಬಳಸಿ ಅಂತ. ದೀಪ ಆರಿಸಿ, ಎಲೆಕ್ಟ್ರಿಕ್ ಕಾರ್ ಚಾರ್ಜ್ ಮಾಡಬೇಡಿ, ಒಲೆಯ ಬದಲು ಮೈಕ್ರೋವೇವ್ ಬಳಸಿ ಅಂತಲೂ ಇತ್ತು. ನಮ್ಮದು ಎಲೆಕ್ಟ್ರಿಕ್ ಒಲೆ. ಆ ಚಳಿಯಲ್ಲಿ ಕರೆಂಟ್ ಹೋದರೆ ಮನೆ ಬಿಸಿ ಮಾಡುವ ಫರ್ನೇಸಿನ ಫ್ಯಾನೂ ನಿಲ್ಲುತ್ತದೆ. ಇನ್ನೊಬ್ಬರ ಮನೆಯಲ್ಲಿ ಚಿಕ್ಕ ಮಗು ಇರಬಹುದು, ವಯಸ್ಸಾದವರು ಇರಬಹುದು. ಯೋಚಿಸುವ ಮಾತೇ ಇರಲಿಲ್ಲ. ಒಲೆ ಆರಿಸಿದೆ.

ಕೆಲವೇ ನಿಮಿಷಗಳಲ್ಲಿ ಸುಮಾರು 200 ಮೆಗಾವಾಟ್ ಬೇಡಿಕೆ ಇಳಿಯಿತು, ಕರೆಂಟ್ ತೆಗೆಯುವ ಪರಿಸ್ಥಿತಿ ಬರಲಿಲ್ಲ ಅಂತ ಆಮೇಲೆ ಸುದ್ದಿಯಲ್ಲಿ ಬಂತು. ಎಷ್ಟು ಮನೆಗಳ ಅಡುಗೆ ಅರ್ಧಕ್ಕೆ ನಿಂತಿತ್ತೋ ಆ ಹೊತ್ತಿಗೆ.

ಊರಲ್ಲಿ ಆಗ ಭಾನುವಾರ ಬೆಳಗ್ಗೆ ಏಳೂವರೆ. ಅಮ್ಮ ಇಗರ್ಜಿಗೆ ಹೊರಡುವ ತಯಾರಿಯಲ್ಲಿದ್ದರು. ಫೋನ್ ಮಾಡಿ, ಹೀಗಾಯಿತಮ್ಮ, ಸೂಪ್ ಅರ್ಧಕ್ಕೆ ನಿಂತಿದೆ ಅಂದೆ.

“ಅದಕ್ಕೆ ಎಂತ ತಲೆಬಿಸಿ?” ಅಂದರು. “ಕುಚ್ಚಲಕ್ಕಿ ಅನ್ನಕ್ಕೆ ಸುತ್ತಿ ಇಡ್ತಿರಲಿಲ್ವಾ ನಾವು? ಹಾಗೇ ಸುತ್ತಿ ಇಡು.”

ನಮ್ಮ ಹಳೇ ಮನೆಯಲ್ಲಿ ಕುಚ್ಚಲಕ್ಕಿಗೆ ಪೂರ್ತಿ ಹೊತ್ತು ಸೌದೆ ಉರಿಸುತ್ತಿರಲಿಲ್ಲ. ಒಂದು ಕುದಿ ಚೆನ್ನಾಗಿ ಬಂದ ಮೇಲೆ ಪಾತ್ರೆ ಇಳಿಸಿ, ಬೈಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಮೇಲೆ ಗೋಣಿ ಹೊದಿಸುತ್ತಿದ್ದರು. ಅಕ್ಕಿ ತನ್ನ ಬಿಸಿಯಲ್ಲೇ ಅರಳುತ್ತಿತ್ತು. ನಾನು ದಿನವೂ ನೋಡಿದ್ದ ಕೆಲಸ ಅದು.

ಮೊದಲು ಕುದಿಯ ಬಿಸಿ ಇರುವಾಗಲೇ ಮುಚ್ಚಳ ಭದ್ರ ಮಾಡಿದೆ. ಮುಚ್ಚಳ ತೆಗೆದು ನೋಡುವ ಆಸೆ ಬಿಡಬೇಕು, ಆವಿಯ ಜೊತೆ ಬಿಸಿ ಹೋಗುತ್ತದೆ. ನೆಲದ ಮೇಲೆ ದಪ್ಪ ರಟ್ಟು, ಅದರ ಮೇಲೆ ಮಡಚಿದ ಟವಲ್. ಪಾತ್ರೆ ಇಟ್ಟು ಸುತ್ತ ಎರಡು ಉಣ್ಣೆ ಕಂಬಳಿ ಬಿಗಿಯಾಗಿ ಸುತ್ತಿದೆ. ಮೇಲೊಂದು ದಿಂಬು. ಉಣ್ಣೆಯದ್ದೇ ಆಗಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬಿಸಿ ಕಬ್ಬಿಣಕ್ಕೆ ತಾಗಿದರೆ ಕರಗಿ ಅಂಟಬಹುದು. ಒಲೆ ಪೂರ್ತಿ ತಣ್ಣಗಾಗುವವರೆಗೆ ಬಟ್ಟೆಯನ್ನು ಅದರ ಹತ್ತಿರ ತರಬೇಡಿ.

ಕಣ್ಣೆಲ್ಲ ಥರ್ಮಾಮೀಟರಿನ ಮೇಲೆ. ನೋಟ್‌ಬುಕ್ಕಿನಲ್ಲಿ ಹೀಗಿದೆ: 7:05ಕ್ಕೆ 94. 8ಕ್ಕೆ 89. 9ಕ್ಕೆ 84. 9:30ಕ್ಕೆ 82. ನಾನು ಹಾಕಿಕೊಂಡಿದ್ದ ಗೆರೆ 60. ಅದಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಬೆಳೆಯಬಹುದು, ಮಾಂಸದ ಸೂಪನ್ನು ಅಲ್ಲಿಗೆ ಬಿಡಬಾರದು. ಥರ್ಮಾಮೀಟರ್ ಇಲ್ಲದವರು ಮೂರು ಗಂಟೆಗಿಂತ ಹೆಚ್ಚು ಇಡಬೇಡಿ, ತೆಗೆದ ಮೇಲೆ ಮತ್ತೆ ಒಂದು ಸಲ ಚೆನ್ನಾಗಿ ಕುದಿಸಿ. ಸಣ್ಣ ಪಾತ್ರೆಗೆ, ತೆಳು ಸ್ಟೀಲಿನ ಪಾತ್ರೆಗೆ ಈ ಲೆಕ್ಕ ಹೊಂದುವುದಿಲ್ಲ. ಅವು ಬೇಗ ಆರುತ್ತವೆ.

ಅಷ್ಟರಲ್ಲಿ ಕೈ ಕಟ್ಟಿ ಕೂರಲಿಲ್ಲ. ಒಂದೇ ದೀಪದ ಬೆಳಕಲ್ಲಿ ತರಕಾರಿ ಹೆಚ್ಚಿದೆವು. ಮೂರು ಕ್ಯಾರೆಟ್, ಬಿಳಿ ಕ್ಯಾರೆಟ್ಟಿನಂತೆ ಕಾಣುವ ಒಂದು ಪಾರ್ಸ್‌ನಿಪ್, ಎರಡು ಆಲೂಗಡ್ಡೆ, ಅರ್ಧ ರುಟಬಾಗಾ ಗೆಡ್ಡೆ. ರುಟಬಾಗಾವನ್ನು ಇಲ್ಲಿನ ಹಳಬರು ಟರ್ನಿಪ್ ಅಂತಲೇ ಕರೆಯುತ್ತಾರೆ. ಸಿಪ್ಪೆಗೆ ಮೇಣ ಹಚ್ಚಿರುತ್ತಾರೆ, ದಪ್ಪಗೆ ಹೆರೆಯಬೇಕು. ಬೆಂದಾಗ ನವಿಲುಕೋಸಿನ ಹಾಗೆ ಸಿಹಿ. 100 ಗ್ರಾಂ ಬಾರ್ಲಿಯನ್ನು ತೊಳೆದು ನೀರಲ್ಲಿ ನೆನೆಹಾಕಿದೆ. ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಪರ್ಲ್ ಬಾರ್ಲಿ ಪೂರ್ತಿ ಪಾಲಿಶ್ ಆದದ್ದು, ಪಾಟ್ ಬಾರ್ಲಿಯಲ್ಲಿ ತೌಡು ಸ್ವಲ್ಪ ಉಳಿದಿರುತ್ತದೆ. ನನಗೆ ಪಾಟ್ ಬಾರ್ಲಿ ಇಷ್ಟ, ಹಲ್ಲಿಗೆ ಸಿಗುತ್ತದೆ. ಬೇಯಲು ಹೊತ್ತು ಜಾಸ್ತಿ, ಆದ್ದರಿಂದ ನೆನೆಸಿದ್ದು ಒಳ್ಳೆಯದಾಯಿತು.

ರಾತ್ರಿ ಎಚ್ಚರಿಕೆ ಹಿಂದಕ್ಕೆ ಪಡೆದ ಮೇಲೆ, 9:30ಕ್ಕೆ ಕಂಬಳಿ ಬಿಚ್ಚಿದೆ. ಶ್ಯಾಂಕ್ ಮೂಳೆಯನ್ನು ಇಕ್ಕುಳದಲ್ಲಿ ಎತ್ತಿದರೆ ಮೂಳೆ ಮಾತ್ರ ಬಂತು, ಮಾಂಸ ಪಾತ್ರೆಯಲ್ಲೇ ಉಳಿಯಿತು. ಸಾರು ತಿಳಿಯಾಗಿ ಜೇನಿನ ಬಣ್ಣಕ್ಕೆ ಇತ್ತು. ಎರಡೂವರೆ ಗಂಟೆ ಅದನ್ನು ಯಾವ ಗುಳ್ಳೆಯೂ ಕಲಕಿರಲಿಲ್ಲ ಅಲ್ವಾ. ಕೊಬ್ಬು ಒಡೆಯದೆ ಮೇಲೆ ತೆಳ್ಳಗೆ ನಿಂತಿತ್ತು. ನೀರಿನ ಮಟ್ಟ ಒಂದು ಬೆರಳೂ ಇಳಿದಿರಲಿಲ್ಲ. 80ರಿಂದ 95 ಡಿಗ್ರಿಯಲ್ಲಿ ಪೊರೆ ಕರಗುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಕುದಿಯೇ ಬೇಕಾಗಿಲ್ಲ. ಎರಡನೇ ಪಾತ್ರೆಯಲ್ಲಿ ನಾನು ದೊಡ್ಡ ಉರಿ ಇಟ್ಟು ಕೆಡಿಸಿದ್ದನ್ನು ಈ ಕಂಬಳಿ ಸರಿ ಮಾಡಿ ತೋರಿಸಿತು.

ಮಾಂಸ ತೆಗೆದು, ಸಾರು ಸೋಸಿ, ವಾಪಸ್ ಪಾತ್ರೆಗೆ ಹಾಕಿ ಒಲೆ ಹಚ್ಚಿ ಚೆನ್ನಾಗಿ ಕುದಿಸಿದೆ. ಕರಗಲೆಂದೇ ಹಾಕಿದ್ದ ಈರುಳ್ಳಿ, ಸೆಲರಿ ಸೋಸಿದಾಗ ಹೋಯಿತು. ಅದರ ಸಾರವೆಲ್ಲ ಬಂದಾಗಿತ್ತು. ರುಟಬಾಗಾ ಮೊದಲು, ಹತ್ತು ನಿಮಿಷ ಬಿಟ್ಟು ಕ್ಯಾರೆಟ್, ಪಾರ್ಸ್‌ನಿಪ್, ಆಲೂಗಡ್ಡೆ. ಇನ್ನೊಂದು ಒಲೆಯಲ್ಲಿ ಬಾರ್ಲಿ, ಬೇರೆ ನೀರಲ್ಲಿ. ತರಕಾರಿ ಬೆಂದ ಮೇಲೆ ಒಂದು ಹಿಡಿ ಸಿಹಿ ಮೆಕ್ಕೆಜೋಳ. ಆಗಸ್ಟಿನಲ್ಲಿ ದಕ್ಷಿಣ ಆಲ್ಬರ್ಟಾದ ಟೇಬರ್ ಊರಿನ ಜೋಳ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಆಗಲೇ ಬಿಡಿಸಿ ಫ್ರೀಜರಿಗೆ ಹಾಕಿಟ್ಟಿದ್ದೆ. ಬ್ಲೇಡ್ ಮಾಂಸವನ್ನು ಎಳೆಗೆ ಅಡ್ಡವಾಗಿ ದಪ್ಪ ತುಂಡು ಮಾಡಿ ಹಾಕಿದೆ. ಶ್ಯಾಂಕನ್ನು ಕೈಯಲ್ಲೇ ಬಿಡಿಸಿದೆ. ಉಪ್ಪು ಈಗ ನೋಡಿ ಹಾಕಿದೆ. ಟೊಮೆಟೊ ಇಲ್ಲ. ಅದರ ಬದಲು ಕೊನೆಗೆ ಎರಡು ಚಮಚ ವಿನೆಗರ್. ಮಂಗಳೂರು ಕಡೆಯ ನಮ್ಮ ಅಡುಗೆಮನೆಗಳಲ್ಲಿ ಮಾಂಸಕ್ಕೆ ವಿನೆಗರ್ ಹೊಸದೇನಲ್ಲ. ಅದು ಬಿದ್ದ ಕೂಡಲೇ ಸೂಪಿನ ರುಚಿ ಎದ್ದು ನಿಂತಿತು. ಬಫಾತ್ ಪುಡಿ ಮಾತ್ರ ಮುಟ್ಟಲಿಲ್ಲ. ಮೂಳೆಯ ರುಚಿ ಕೇಳಬೇಕಾದರೆ ಇಲ್ಲಿ ಮಸಾಲೆ ಸುಮ್ಮನಿರಬೇಕು.

ಬಟ್ಟಲಿಗೆ ಎರಡು ಚಮಚ ಬಾರ್ಲಿ, ಮೇಲೆ ಸೂಪ್. ನಲ್ಲಿ ಮೂಳೆಯ ಮಜ್ಜೆಯನ್ನು ಬ್ರೆಡ್ಡಿಗೆ ಸವರಿ ಉಪ್ಪು ಉದುರಿಸಿ ಮಗಳಿಗೆ ಕೊಟ್ಟೆ. ಊಟ ಮಾಡಿದಾಗ ಹತ್ತೂಮುಕ್ಕಾಲು. ಯಾರೂ ಮಾತಾಡಲಿಲ್ಲ, ಎರಡನೇ ಸಲ ಬಡಿಸಿಕೊಳ್ಳುವಾಗಲೇ ಮಾತು ಶುರುವಾದದ್ದು.

ಕುಕ್ಕರಿನಲ್ಲಿ ಮಾಡಬಹುದಾ ಅಂತ ಊರಿನ ಗೆಳತಿಯರು ಕೇಳಿದ್ದಾರೆ. ಖಂಡಿತ ಮಾಡಬಹುದು. ಕುಕ್ಕರಿನಲ್ಲಿ ಬಿಸಿ ನೂರಕ್ಕಿಂತ ಸಾಕಷ್ಟು ಮೇಲೇರುತ್ತದೆ, ಶ್ಯಾಂಕ್ ಒಂದು ಗಂಟೆಯೊಳಗೆ ಬೇಯುತ್ತದೆ. ಹುರಿಯುವುದನ್ನು ಬೇರೆ ದಪ್ಪ ಬಾಣಲೆಯಲ್ಲಿ ಮಾಡಿ. ಪ್ರೆಶರ್ ತಾನಾಗಿ ಇಳಿಯಲು ಬಿಡಿ. ತರಕಾರಿ ಮುಚ್ಚಳ ತೆಗೆದ ಮೇಲೆಯೇ. ಕೆಲಸದ ದಿನ ನಾನೂ ಹಾಗೇ ಮಾಡುತ್ತೇನೆ. ರಜೆಯ ದಿನ ಮಾತ್ರ ಕಂಬಳಿ.

ಉಳಿದ ಸೂಪ್ ತಣಿಸುವುದು ಒಂದು ಕೆಲಸ. ಬಿಸಿ ಪಾತ್ರೆಯನ್ನು ಹಾಗೇ ಮೈನಸ್ 30ರ ಚಳಿಗೆ ಹೊರಗಿಟ್ಟರೆ ಎನಾಮಲ್ ಬಿರುಕು ಬಿಡಬಹುದು. ಊರಿಂದ ತಂದ ಸ್ಟೀಲ್ ಡಬ್ಬಿಗಳಿಗೆ ಸುರಿದೆ. ಸಿಂಕಿನಲ್ಲಿ ಹಿಮ ತುಂಬಿ ಮೇಲೆ ನೀರು ಹಾಕಿದೆ. ಬರೀ ಹಿಮದಲ್ಲಿ ಗಾಳಿ ತುಂಬಿರುತ್ತದೆ, ಅದು ಡಬ್ಬಿಗೆ ಸರಿಯಾಗಿ ತಾಗುವುದಿಲ್ಲ. ನೀರು ಬೆರೆತರೆ ಬೇಗ ಆರುತ್ತದೆ. ಅರ್ಧ ಗಂಟೆಯಲ್ಲಿ ಫ್ರಿಜ್ಜಿಗೆ ಹೋಯಿತು. ಬಾರ್ಲಿ ಬೇರೆ ಡಬ್ಬಿಯಲ್ಲಿ.

ಬೆಳಗ್ಗೆ ತೆಗೆದು ನೋಡಿದರೆ ಮೇಲೆ ಬಿಳಿ ಕೊಬ್ಬಿನ ತಟ್ಟೆ, ಕೆಳಗೆ ಸಾರು ಹೆಪ್ಪು ಹಾಕಿದ ಮೊಸರಿನಂತೆ ನಿಂತಿತ್ತು. ಡಬ್ಬಿ ಅಲ್ಲಾಡಿಸಿದರೆ ನಡುಗಿತು. ಮೈದಾ, ಕಾರ್ನ್‌ಫ್ಲೋರ್ ಏನೂ ಹಾಕಿರಲಿಲ್ಲ. ಬರೀ ಶ್ಯಾಂಕಿನ ಜೆಲಟಿನ್. ಕೊಬ್ಬನ್ನು ಎತ್ತಿ ಬಾಟಲಿಗೆ ಹಾಕಿದೆ, ಆಲೂಗಡ್ಡೆ ಹುರಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಜ್ಜಿಗೆ ಎರಡು ಡಬ್ಬಿ ಕೊಟ್ಟೆ, ಒಂದರಲ್ಲಿ ಸೂಪ್, ಒಂದರಲ್ಲಿ ಬಾರ್ಲಿ. ಬಾಗಿಲಲ್ಲೇ ಮುಚ್ಚಳ ತೆಗೆದು ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು, ನಕ್ಕರು.

ಉಳಿದದ್ದರಲ್ಲಿ ಎರಡು ಲೀಟರ್ ಫ್ರೀಜರಿಗೆ ಹಾಕಿದೆ. ಹಾಗೆ ಇಡುವುದಾದರೆ ಆಲೂಗಡ್ಡೆ ಆರಿಸಿ ತೆಗೆಯಿರಿ, ಹೆಪ್ಪುಗಟ್ಟಿ ಕರಗಿದ ಮೇಲೆ ಅದು ಮರಳು ಮರಳಾಗುತ್ತದೆ. ಡಬ್ಬಿಯ ಬಾಯಿಗೆ ಎರಡು ಬೆರಳು ಜಾಗ ಬಿಡಿ.